ಆಯ್ಕೆಪಟ್ಟಿಗೂ ಬ್ಯಾರಕ್ಕಿಗೂ ನಡುವಿನ ವಾರಗಳು

ಮಾನ್ಯ ಸಂಪಾದಕರೇ,

ಸೇನಾ ನೇಮಕಾತಿಯ ಅಂತಿಮ ಆಯ್ಕೆಪಟ್ಟಿ ಹೊರಬಿದ್ದಾಗಲೆಲ್ಲ ಮಂಡ್ಯ ಮತ್ತು ಮೈಸೂರು ಜಿಲ್ಲೆಗಳ ಹಳ್ಳಿಗಳಲ್ಲಿ ಅಭಿನಂದನೆಯ ಫ್ಲೆಕ್ಸ್‌ಗಳು ಏಳುತ್ತವೆ. ಆಯ್ಕೆಯಾದ ಹುಡುಗನಿಗೆ ಪೇಟ ಕಟ್ಟಿ, ಶಾಲು ಹೊದಿಸಿ, ಹಾರ ಹಾಕುತ್ತಾರೆ. ನೆಂಟರ ಮನೆಗಳಲ್ಲಿ ಸರದಿಯ ಮೇಲೆ ಬಾಡೂಟ ನಡೆಯುತ್ತದೆ, ಮನೆದೇವರಿಗೆ ಹೊತ್ತ ಹರಕೆ ತೀರುತ್ತದೆ. ಬಡ ರೈತನ ಮಗನೊಬ್ಬ ಸಮವಸ್ತ್ರ ತೊಡಲು ಹೊರಟಾಗ ಊರು ಹಿಗ್ಗುವುದು ಸಹಜ, ಹಿಗ್ಗಲೂ ಬೇಕು. ಆದರೆ ಸೇನೆಯ ತರಬೇತಿ ಕೇಂದ್ರವೊಂದರಲ್ಲಿ ಹೊಸ ಹುಡುಗರಿಗೆ ಉಸ್ತಾದನಾಗಿದ್ದು ನಿವೃತ್ತನಾದ ನನಗೆ, ಈ ಹಿಗ್ಗಿನ ವಾರಗಳಲ್ಲಿ ಹುಡುಗ ಏನು ಮಾಡುತ್ತಾನೆ, ಏನು ಮಾಡುವುದಿಲ್ಲ ಎಂಬುದೇ ಅವನ ತರಬೇತಿಯ ಮೊದಲ ತಿಂಗಳನ್ನು ಬಹುಪಾಲು ನಿರ್ಧರಿಸುತ್ತದೆ ಎಂಬುದು ಚೆನ್ನಾಗಿ ಗೊತ್ತಿದೆ. ಈ ವಿಷಯ ನಮ್ಮ ಭಾಗದಲ್ಲಿ ಯಾರ ಗಮನಕ್ಕೂ ಬಾರದೆ ಉಳಿದಿರುವುದರಿಂದ ತಮ್ಮ ಪತ್ರಿಕೆಯ ಮೂಲಕ ನಾಲ್ಕು ಮಾತು ಹೇಳಲು ಬಯಸುತ್ತೇನೆ.

ಅಗ್ನಿವೀರರಾಗಲು, ಅಂದರೆ ನಾಲ್ಕು ವರ್ಷಗಳ ಸೇವೆಗೆ ಸೇರುವ ಸೈನಿಕರಾಗಲು, ಹೊರಟ ನಮ್ಮ ಹುಡುಗರ ಸಿದ್ಧತೆಯೆಲ್ಲವೂ ಎರಡು ಗುರಿಗಳ ಸುತ್ತ ತಿರುಗುತ್ತದೆ: ಒಂದು ಆನ್‌ಲೈನ್ ಲಿಖಿತ ಪರೀಕ್ಷೆ, ಇನ್ನೊಂದು ದೈಹಿಕ ಪರೀಕ್ಷೆ ನಡೆಯುವ ನೇಮಕಾತಿ ರ‍್ಯಾಲಿಯ ಮೈದಾನ. ಮೈದಾನದಲ್ಲಿ 1,600 ಮೀಟರ್ ದೂರವನ್ನು ಐದೂವರೆ ನಿಮಿಷದೊಳಗೆ ಓಡಿದವನಿಗೆ ಪೂರ್ತಿ 60 ಅಂಕ ದೊರೆಯುತ್ತವೆ. ಕಂಬಿ ಹಿಡಿದು ಹತ್ತು ಬಾರಿ ಮೈಯೆತ್ತಿದರೆ 40 ಅಂಕ. ಒಂಬತ್ತು ಅಡಿಯ ಹಳ್ಳ ಜಿಗಿಯುವುದು ಮತ್ತು ಅಂಕುಡೊಂಕಾದ ಹಲಗೆಯ ಮೇಲೆ ಬೀಳದೆ ನಡೆಯುವುದು ಬರೀ ಉತ್ತೀರ್ಣರಾಗಬೇಕಾದ ಪರೀಕ್ಷೆಗಳು. ಇದಕ್ಕಾಗಿ ಹುಡುಗರು ಮಂಡ್ಯದ ಸರ್ ಎಂ.ವಿ. ಕ್ರೀಡಾಂಗಣದಲ್ಲಿ, ಮೈಸೂರಿನ ಓವಲ್ ಮೈದಾನದಲ್ಲಿ, ಹೆದ್ದಾರಿಯ ಸರ್ವಿಸ್ ರಸ್ತೆಗಳಲ್ಲಿ, ನಾಲೆಯ ಏರಿಗಳ ಮೇಲೆ ಬೆಳಕು ಹರಿಯುವ ಮೊದಲೇ ಓಡುತ್ತಾರೆ. ಅವರ ಶ್ರದ್ಧೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ವೈದ್ಯಕೀಯ ಪರೀಕ್ಷೆ ಮುಗಿದು ಪಟ್ಟಿಯಲ್ಲಿ ತನ್ನ ಸಂಖ್ಯೆ ಕಂಡ ದಿನದಿಂದಲೇ ಅವರಲ್ಲಿ ಬಹಳಷ್ಟು ಮಂದಿ ಓಟ ನಿಲ್ಲಿಸುತ್ತಾರೆ. ಪೊಲೀಸ್ ಪರಿಶೀಲನೆ, ದಾಖಲೆಗಳ ತಪಾಸಣೆ ಮುಗಿದು ಕೇಂದ್ರಕ್ಕೆ ಹೊರಡುವ ಆದೇಶ ಕೈಸೇರುವಷ್ಟರಲ್ಲಿ ಹಲವು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಸರಿದಿರುತ್ತವೆ. ಅಷ್ಟರಲ್ಲಿ ಹುಡುಗನ ಮೈ ಭಾರವಾಗಿರುತ್ತದೆ, ಉಸಿರು ಕುಗ್ಗಿರುತ್ತದೆ, ಮೊಬೈಲ್ ನೋಡುತ್ತ ರಾತ್ರಿ ಒಂದು ಗಂಟೆಗೆ ಮಲಗುವ ರೂಢಿ ಬಿದ್ದಿರುತ್ತದೆ.

ಇಂಥ ಹುಡುಗ ಒಂದು ಬೆಳಿಗ್ಗೆ ಕಪ್ಪು ಟ್ರಂಕು ಹಿಡಿದು ತರಬೇತಿ ಕೇಂದ್ರದ ಗೇಟಿನ ಮುಂದೆ ಇಳಿಯುತ್ತಾನೆ. ನಮ್ಮ ಕಡೆಯವರಿಗೆ ಅದು ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರವಾಗಿರಬಹುದು, ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿರುವ ಮದ್ರಾಸ್ ರೆಜಿಮೆಂಟಿನ ಕೇಂದ್ರವಾಗಿರಬಹುದು, ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರವಾಗಿರಬಹುದು, ಇಲ್ಲವೇ ಹೈದರಾಬಾದ್, ನಾಸಿಕ್, ಜಬಲ್ಪುರಗಳಷ್ಟು ದೂರವೂ ಆಗಬಹುದು. ಮೊದಲ ದಿನವೇ ತಲೆಗೂದಲು ಇಳಿಯುತ್ತದೆ, ಮೊಬೈಲ್ ಜಮೆಯಾಗುತ್ತದೆ, ಸಮವಸ್ತ್ರ, ಬೂಟು, ಕಂಬಳಿ, ತಟ್ಟೆ, ಮಗ್ಗು ಕೈಸೇರುತ್ತವೆ. ಮರುದಿನದಿಂದ ನಾಲ್ಕೂವರೆಯ ಆಸುಪಾಸಿಗೆ ಏಳುವುದು, ಗಡ್ಡ ತೆಗೆದು, ಹಾಸಿಗೆ ಮಡಚಿಟ್ಟು, ಬ್ಯಾರಕ್ ಗುಡಿಸಿ, ಒಂದು ಮಗ್ಗು ಚಹಾ ಕುಡಿದು ಪಿ.ಟಿ. ಮೈದಾನದಲ್ಲಿ ಸಾಲಾಗಿ ನಿಲ್ಲುವುದು. ಪಿ.ಟಿ. ಮುಗಿದರೆ ಲಂಗರಿನಲ್ಲಿ, ಅಂದರೆ ಸೇನೆಯ ಊಟದ ಮನೆಯಲ್ಲಿ, ತಿಂಡಿ, ತಿಂಡಿಯ ಬೆನ್ನಿಗೆ ಡ್ರಿಲ್, ಆಮೇಲೆ ಶಸ್ತ್ರಗಳ ಪಾಠ, ಊಟ, ಮಧ್ಯಾಹ್ನದ ತರಗತಿ, ಸಂಜೆಯ ಆಟ, ಬೂಟಿಗೆ ಪಾಲಿಶ್, ರಾತ್ರಿ ರೋಲ್ ಕಾಲ್. ಕೇಂದ್ರದಿಂದ ಕೇಂದ್ರಕ್ಕೆ ಗಂಟೆಗಳು ತುಸು ಹಿಂದುಮುಂದಾದರೂ ಸಾಮಾನ್ಯವಾಗಿ ಹತ್ತು ವಾರಗಳಷ್ಟಿರುವ ಮೂಲ ತರಬೇತಿಯ ದಿನಚರಿ ಹೆಚ್ಚುಕಡಿಮೆ ಎಲ್ಲೆಡೆ ಇದೇ. ಇದರಲ್ಲಿ ಕ್ರೌರ್ಯವೇನೂ ಇಲ್ಲ. ಗಲಿಬಿಲಿಯ ನಡುವೆ ಕೇಳಿದ ಒಂದೇ ಒಂದು ಆದೇಶಕ್ಕೆ ಮೈ ತಾನಾಗಿ ಓಗೊಡುವಂತೆ ಮಾಡುವ ಶಿಕ್ಷಣ ಇದು, ಮುಂದೊಂದು ದಿನ ಅವನ ಪ್ರಾಣವನ್ನೂ ಪಕ್ಕದವನ ಪ್ರಾಣವನ್ನೂ ಉಳಿಸುವುದು ಇದೇ. ಹಾಗಿದ್ದೂ ಮೊದಲ ಮೂರು ನಾಲ್ಕು ವಾರಗಳಲ್ಲಿ ನೆಲಕಚ್ಚುವ ಹುಡುಗರು ಇರುತ್ತಾರೆ. ಅವರಲ್ಲಿ ಹೆಚ್ಚಿನವರು ಧೈರ್ಯ ಸಾಲದೆ ಸೋತವರಲ್ಲ, ಸಿದ್ಧತೆಯಿಲ್ಲದೆ ಬಂದವರು.

ಎಲ್ಲಕ್ಕಿಂತ ಮುಖ್ಯವಾದ ಮಾತು ಕಾಲಿನದು. ಮೊಣಕಾಲಿನ ಕೆಳಗಿನ ಮುಂಗಾಲ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿಕೊಳ್ಳುವುದು ಜಗತ್ತಿನ ಎಲ್ಲ ಸೇನೆಗಳ ಹೊಸ ಹುಡುಗರಿಗೂ ಬರುವ ತೊಂದರೆ. ವೈದ್ಯರು ಇದನ್ನು ಸ್ಟ್ರೆಸ್ ಫ್ರಾಕ್ಚರ್ ಎನ್ನುತ್ತಾರೆ. ಬಿದ್ದು ಮುರಿದುಕೊಳ್ಳುವ ಮೂಳೆಯಲ್ಲ ಇದು. ಓಟ, ಡ್ರಿಲ್‌ನಲ್ಲಿ ಹಿಮ್ಮಡಿ ಬಡಿಯುವುದು, ಭಾರ ಹೊತ್ತು ನಡೆಯುವುದು ಒಮ್ಮೆಲೇ ಹೆಚ್ಚಾದಾಗ ಶರೀರ ಆ ಹೊರೆಗೆ ತಕ್ಕಂತೆ ಮೂಳೆಯನ್ನು ಹೊಸದಾಗಿ ಕಟ್ಟಲು ತೊಡಗುತ್ತದೆ. ಆದರೆ ಕಟ್ಟುವ ಮೊದಲು ಹಳೆಯದನ್ನು ಕರಗಿಸುತ್ತದೆ. ಹಳೆಯ ಗಾರೆ ಕೆತ್ತಿ ಹೊಸ ಗಾರೆ ಮೆತ್ತುವ ನಡುವಿನ ದಿನಗಳಲ್ಲಿ ಗೋಡೆ ಹೇಗೆ ಬಲಹೀನವಾಗಿರುತ್ತದೋ ಹಾಗೆಯೇ ಮೊದಲ ಕೆಲವು ವಾರಗಳಲ್ಲಿ ಆ ಮೂಳೆಯೂ ಬಲಹೀನವಾಗಿರುತ್ತದೆ, ಅದೇ ವಾರಗಳಲ್ಲಿ ಹೊರೆಯೂ ಏರುತ್ತಿರುತ್ತದೆ. ಹೊರಡುವವರೆಗೂ ಓಟ ನಿಲ್ಲಿಸದೆ, ವಾರದಿಂದ ವಾರಕ್ಕೆ ದೂರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿಕೊಂಡು ಬಂದವನ ಮೂಳೆ ಈ ಕೆಲಸವನ್ನು ಊರಿನಲ್ಲೇ ಬಹುಮಟ್ಟಿಗೆ ಮುಗಿಸಿಕೊಂಡಿರುತ್ತದೆ. ಎರಡು ತಿಂಗಳು ಕುಳಿತು ಉಂಡು ಬಂದವನ ಮೂಳೆಗೆ ಆ ಅವಕಾಶವೇ ಸಿಕ್ಕಿರುವುದಿಲ್ಲ. ಬೆಂಗಳೂರಿನ ಸೇನಾ ಪೊಲೀಸ್ ದಳದ ಕೇಂದ್ರದಲ್ಲಿ ಈಗ ಹೆಣ್ಣುಮಕ್ಕಳಿಗೂ ತರಬೇತಿ ನಡೆಯುತ್ತಿರುವುದರಿಂದ ಇನ್ನೊಂದು ಮಾತನ್ನೂ ಸೇರಿಸುತ್ತೇನೆ: ಹೆಣ್ಣುಮಕ್ಕಳಲ್ಲಿ ಈ ಬಿರುಕು ಇನ್ನೂ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಅವರು ಹೊರಡುವ ಮೊದಲು ವೈದ್ಯರನ್ನು ಕಂಡು ರಕ್ತದಲ್ಲಿನ ಕಬ್ಬಿಣದ ಅಂಶ ಮತ್ತು ಡಿ ಜೀವಸತ್ವದ ಮಟ್ಟವನ್ನು ಪರೀಕ್ಷಿಸಿಕೊಂಡು ಹೋಗುವುದು ಲೇಸು.

ಬಿರುಕಿಗಿಂತಲೂ ನನ್ನನ್ನು ಹೆಚ್ಚು ಕಾಡಿರುವುದು ಹುಡುಗರು ಅದನ್ನು ಮುಚ್ಚಿಡುವ ರೀತಿ. ಅನಾರೋಗ್ಯದಿಂದ ಹೆಚ್ಚು ದಿನ ತರಬೇತಿ ತಪ್ಪಿದವನನ್ನು ಅವನ ನಂತರ ಸೇರಿದ ತಂಡಕ್ಕೆ ಇಳಿಸುತ್ತಾರೆ. ಬ್ಯಾರಕ್ಕಿನ ಮಾತಿನಲ್ಲಿ ಅವನು ರೆಲಿಗೇಟ್ ಆದ. ಜೊತೆಗೆ ಬಂದ ಗೆಳೆಯರೆಲ್ಲ ಮುಂದೆ ಹೋದಾಗ ತಾನೊಬ್ಬನೇ ಹಿಂದುಳಿಯುವ ಭಯಕ್ಕೆ ಹುಡುಗ ನೋವನ್ನು ಹಲ್ಲು ಕಚ್ಚಿ ಸಹಿಸುತ್ತಾನೆ. ನಾಲ್ಕು ವರ್ಷಗಳ ಸೇವೆಯ ಕೊನೆಯಲ್ಲಿ ಶೇ 25ರಷ್ಟು ಅಗ್ನಿವೀರರನ್ನು ಮಾತ್ರ ಮುಂದುವರಿಸುವ ನಿಯಮವಿರುವಾಗ, ಮೊದಲ ತಿಂಗಳಿನಲ್ಲೇ ತನ್ನ ಹೆಸರಿನ ಮುಂದೆ ಕಪ್ಪುಚುಕ್ಕೆ ಬೀಳುತ್ತದೆಂಬ ಅಂಜಿಕೆ ಈ ಮೌನವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ ಎಂಬುದು ನನ್ನ ಅನಿಸಿಕೆ. ಊರಿನಿಂದ ತಂದ ನೋವಿನ ಮಾತ್ರೆ ನುಂಗಿ ಓಡಿದವನ ಸಣ್ಣ ಬಿರುಕು ಪೂರ್ತಿ ಮುರಿತವಾದದ್ದನ್ನು ನಾನು ಕಂಡಿದ್ದೇನೆ. ಮೊದಲ ನೋವಿಗೇ ಉಸ್ತಾದರಿಗೆ ಹೇಳಿ ಕೇಂದ್ರದ ಚಿಕಿತ್ಸಾ ಕೊಠಡಿಗೆ (ಎಂ.ಐ. ಕೊಠಡಿಗೆ) ಹೋಗಿದ್ದರೆ ಅವನು ಕೆಲವು ವಾರ ವಿಶ್ರಾಂತಿ ಪಡೆದು ಮರಳಿ ಓಡುತ್ತಿದ್ದ. ಬೂಟಿನಿಂದ ಎದ್ದ ಬೊಬ್ಬೆಯ ಕಥೆಯೂ ಇಂಥದ್ದೇ. ಬರಿಗಾಲಲ್ಲೋ ಹಗುರವಾದ ಕ್ಯಾನ್ವಾಸ್ ಶೂಗಳಲ್ಲೋ ಓಡಿ ರೂಢಿಯಾದ ಪಾದಕ್ಕೆ ಚರ್ಮದ ಬೂಟು ಮೊದಲ ವಾರದಲ್ಲಿ ಶತ್ರುವೇ ಸರಿ. ಒದ್ದೆ ಕಾಲುಚೀಲ ಬದಲಿಸದೆ, ಬೊಬ್ಬೆ ಒಡೆದು ಕೀವಾಗುವವರೆಗೆ ಸುಮ್ಮನಿರುವ ಹುಡುಗರಿಗೆ ಕಾಲು ಒಣಗಿಸಿಕೊಳ್ಳುವ, ಉಗುರು ನೇರವಾಗಿ ಕತ್ತರಿಸುವ ಪಾಠವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಮಾತ್ರೆಯ ಮಾತು ಬಂದದ್ದರಿಂದ ಹೇಳುತ್ತೇನೆ: ರ‍್ಯಾಲಿಯ ದಿನ ಹತ್ತಿರವಾದಂತೆ ಹುಡುಗರಿಗೆ ಶಕ್ತಿವರ್ಧಕ ಪುಡಿ, ಚುಚ್ಚುಮದ್ದುಗಳ ಆಸೆ ತೋರಿಸುವವರು ಇದ್ದಾರೆ. ಬಿಸಿಲಿನಲ್ಲಿ ಓಡುವ ಮೈಗೆ ಇಂಥವು ಮೂತ್ರಪಿಂಡವನ್ನೇ ಕೆಡಿಸಬಲ್ಲ ಅಪಾಯ ತರುತ್ತವೆ. ತಂದೆತಾಯಿಗಳು ಮಗನ ಚೀಲದಲ್ಲಿ ಏನಿದೆ ಎಂದು ಒಮ್ಮೆ ನೋಡಬೇಕು.

ಕಾಲಿನ ನಂತರದ ತೊಡಕು ಕಿವಿಯದು. ಈಗ ಲಿಖಿತ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಅದು ಸಂತೋಷದ ಸಂಗತಿ. ಆದರೆ ಡ್ರಿಲ್ ಮೈದಾನದ ಆದೇಶಗಳು ಹಿಂದಿಯಲ್ಲಿರುತ್ತವೆ. ಸಾವಧಾನ್, ವಿಶ್ರಾಮ್, ದಾಹಿನೇ ಮುಡ್, ಪೀಛೇ ಮುಡ್, ತೇಜ್ ಚಲ್, ಥಮ್ ಎಂಬ ಕೂಗು ಕಿವಿಗೆ ಬಿದ್ದು, ಅದು ಎಡವೋ ಬಲವೋ ಎಂದು ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಳ್ಳುವಷ್ಟರಲ್ಲಿ ಇಡೀ ಸಾಲು ಅತ್ತ ತಿರುಗಿ ಇವನೊಬ್ಬ ಇತ್ತ ನಿಂತಿರುತ್ತಾನೆ. ತಪ್ಪಿಗೆ ಸಿಗುವ ರಗಡಾ, ಅಂದರೆ ಮೈದಾನ ಸುತ್ತಿ ಓಡುವುದೋ ಪಲ್ಟಿ ಹೊಡೆಯುವುದೋ, ಒಬ್ಬನಿಗಷ್ಟೇ ಅಲ್ಲದೆ ಒಮ್ಮೊಮ್ಮೆ ತಂಡಕ್ಕೆಲ್ಲ ಸಿಗುತ್ತದೆ. ಆಗ ಹುಡುಗ ತನ್ನನ್ನು ದಡ್ಡನೆಂದು ತಾನೇ ತೀರ್ಮಾನಿಸಿಕೊಳ್ಳುತ್ತಾನೆ. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದ, ಊರಿನಲ್ಲಿ ಚುರುಕು ಎನಿಸಿಕೊಂಡ ಹುಡುಗ, ರೈಫಲಿನ ಭಾಗಗಳ ಹೆಸರು ಹೇಳೆಂದಾಗ ಮಾತು ಬಾರದೆ ನಿಂತದ್ದನ್ನು ನೋಡಿ ಮರುಗಿದ್ದೇನೆ, ಏಕೆಂದರೆ ಅವನಿಗೆ ವಿಷಯ ಗೊತ್ತಿತ್ತು, ಭಾಷೆ ಮಾತ್ರ ಗೊತ್ತಿರಲಿಲ್ಲ. ಕೆಲವೇ ತಿಂಗಳಲ್ಲಿ ಇದೇ ಹುಡುಗರು ಹಿಂದಿಯಲ್ಲಿ ಸರಾಗವಾಗಿ ಮಾತಾಡುತ್ತಾರೆ. ಆದರೆ ಮೊದಲ ವಾರಗಳ ಅವಮಾನವನ್ನು ತಪ್ಪಿಸಲು ಬೇಕಾಗಿರುವುದು ನೂರಿನ್ನೂರು ಪದಗಳ ಪರಿಚಯವಷ್ಟೇ. ಎನ್‌ಸಿಸಿಯಲ್ಲಿದ್ದ ಹುಡುಗರು ಈ ಆದೇಶಗಳನ್ನು ಕಾಲೇಜಿನ ಮೈದಾನದಲ್ಲೇ ಕೇಳಿರುವುದರಿಂದ ಮೊದಲ ದಿನದಿಂದಲೇ ನೆಮ್ಮದಿಯಾಗಿರುತ್ತಾರೆ. ನೇಮಕಾತಿಯಲ್ಲಿ ಎನ್‌ಸಿಸಿ ಪ್ರಮಾಣಪತ್ರಕ್ಕೆ ಸಿಗುವ ಹೆಚ್ಚುವರಿ ಅಂಕಗಳಿಗಿಂತ ಇದು ದೊಡ್ಡ ಲಾಭ ಎಂದು ನಾನು ತಿಳಿದಿದ್ದೇನೆ. ಆದರೆ ನಾಗಮಂಗಲ, ಮಳವಳ್ಳಿ, ಎಚ್.ಡಿ. ಕೋಟೆಯ ಕಡೆಯ ಸಣ್ಣ ಹಳ್ಳಿಗಳಿಂದ ಬರುವ ಎಷ್ಟೋ ಹುಡುಗರಿಗೆ ಎನ್‌ಸಿಸಿ ಇರುವ ಕಾಲೇಜಿನಲ್ಲಿ ಓದುವ ಅವಕಾಶವೇ ಸಿಕ್ಕಿರುವುದಿಲ್ಲ.

ನೆರೆಯ ಕೊಡಗಿನ ಹುಡುಗರನ್ನು ನೋಡಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಅವರನ್ನು ಕೊಟ್ಟ ಆ ನಾಡಿನಲ್ಲಿ ಅಜ್ಜನೋ ಚಿಕ್ಕಪ್ಪನೋ ಸೇನೆಯಲ್ಲಿದ್ದವರಾಗಿರುವ ಮನೆಗಳು ಬಹಳ. ಹಾಸಿಗೆ ಹೇಗೆ ಮಡಚಬೇಕು, ಉಸ್ತಾದ್ ಬೈದರೆ ಅದನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಕು ಎಂಬುದು ಅಲ್ಲಿ ಊಟದ ಹೊತ್ತಿನ ಮಾತಿನಲ್ಲೇ ಮಕ್ಕಳಿಗೆ ತಿಳಿಯುತ್ತದೆ. ಮೈಸೂರಿಗೂ ಇಂಥ ಪರಂಪರೆ ಇರಲಿಲ್ಲವೆಂದಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದವರಲ್ಲಿ ಮೈಸೂರು ಸಂಸ್ಥಾನದ ಅಶ್ವದಳವೂ ಇತ್ತು. ಆದರೆ ಇಂದು ಮಂಡ್ಯದ ಕಬ್ಬು, ಭತ್ತದ ಗದ್ದೆಗಳಿಂದ ಸೇನೆಗೆ ಹೋಗುವ ಹುಡುಗರಲ್ಲಿ ಅನೇಕರು ತಮ್ಮ ಮನೆತನದಲ್ಲಿ ಸಮವಸ್ತ್ರ ತೊಡುತ್ತಿರುವ ಮೊದಲಿಗರು. ಅವರಿಗೆ ಹೇಳಿಕೊಡಬೇಕಾದವರು ಮನೆಯಲ್ಲಿಲ್ಲದಿದ್ದರೆ ಊರಿನಲ್ಲಾದರೂ ಇರಬೇಕಲ್ಲವೇ?

ಮನೆಯವರಿಗೂ ಒಂದು ಮನವಿ ಇದೆ. ಮೊದಲ ವಾರಗಳಲ್ಲಿ ಹುಡುಗನಿಗೆ ನಿಗದಿತ ದಿನ, ನಿಗದಿತ ಹೊತ್ತಿನಲ್ಲಿ ಮಾತ್ರ ಫೋನು ಸಿಗುತ್ತದೆ. ಆ ಕೆಲವು ನಿಮಿಷಗಳಲ್ಲಿ ಅವನು ಅತ್ತರೆ, “ಅವ್ವಾ, ಆಗಕಿಲ್ಲ” ಎಂದರೆ, ತಾಯಿಯ ಕರುಳು “ಬಂದ್ಬುಡು ಮಗಾ, ಇರೋದ್ರಲ್ಲೇ ಉಂಡ್ಕೊಂಡು ಇರೋಣ” ಎಂದು ಹೇಳಿಬಿಡುತ್ತದೆ. ಆ ತಾಯಿಯನ್ನು ನಾನು ದೂರುವುದಿಲ್ಲ. ಮುದ್ದೆ, ಬಸ್ಸಾರು ಉಂಡು ಬೆಳೆದ ಮಗ ರೊಟ್ಟಿ, ದಾಲ್ ತಿನ್ನಲಾರದೆ ಮೊದಲ ವಾರ ಅರೆಹೊಟ್ಟೆಯಲ್ಲಿ ಮಲಗಿದ್ದಾನೆಂದು ಕೇಳಿದರೆ ಯಾವ ತಾಯಿಗೂ ಸಂಕಟವಾಗುತ್ತದೆ. ಆದರೆ ಆ ಅಳು ಮೂರನೆಯ, ನಾಲ್ಕನೆಯ ವಾರದ ಹೊತ್ತಿಗೆ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಪಕ್ಕದ ಮಂಚದ ಹುಡುಗ ಅಣ್ಣನಂತಾಗುತ್ತಾನೆ, ಅದೇ ಲಂಗರಿನ ಊಟಕ್ಕೆ ಹಸಿವು ಕಾಯತೊಡಗುತ್ತದೆ. ಅಲ್ಲಿಯವರೆಗೆ ಮನೆಯವರು ಊರಿನ ಜಗಳ, ಸಾಲ, ದನದ ಕಾಯಿಲೆಗಳನ್ನು ಅವನಿಗೆ ಹೇಳದೆ, ಅವನ ಮಾತನ್ನು ಸಾವಧಾನವಾಗಿ ಕೇಳಬೇಕು. ಹಾಗೆಂದು ಎಲ್ಲ ಅಳುವೂ ಒಂದೇ ಅಲ್ಲ ಎಂಬುದನ್ನೂ ಮರೆಯಬಾರದು. ಮಗ ಮಾತೇ ಆಡದಂತಾದರೆ, ನಿದ್ದೆ ಊಟ ಎರಡನ್ನೂ ಬಿಟ್ಟಿದ್ದಾನೆಂದು ತಿಳಿದರೆ, ಬದುಕಿನ ಮೇಲಿನ ಆಸೆಯೇ ಹೋದಂಥ ಮಾತಾಡಿದರೆ, ಕೂಡಲೇ ಕೇಂದ್ರದ ಅಧಿಕಾರಿಗಳಿಗೆ ಫೋನು ಮಾಡಬೇಕು. ಕೇಂದ್ರದಲ್ಲಿ ಅವನಿರುವ ತುಕಡಿಯ, ಅಂದರೆ ಕಂಪನಿಯ, ದೂರವಾಣಿ ಸಂಖ್ಯೆಯನ್ನು ಮೊದಲ ವಾರವೇ ಮಗನಿಂದ ಬರೆದಿಟ್ಟುಕೊಳ್ಳುವುದು ಇದಕ್ಕಾಗಿಯೇ.

ಸಂಬಳದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಮೊದಲ ವರ್ಷದ ತಿಂಗಳ 30,000 ರೂಪಾಯಿಗಳಲ್ಲಿ 9,000 ಸೇವೆಯ ಕೊನೆಯಲ್ಲಿ ಕೈಸೇರುವ ಸೇವಾನಿಧಿಗೆ ಹೋಗಿ 21,000 ಕೈಗೆ ಸಿಗುತ್ತದೆ. ನೇಮಕಾತಿಗೆ ತರಬೇತಿ ಕೊಡುವ ಖಾಸಗಿ ಅಕಾಡೆಮಿಯ ಶುಲ್ಕಕ್ಕೆ ಮಾಡಿದ ಸಾಲದ ಲೆಕ್ಕವನ್ನು ಮೊದಲ ತಿಂಗಳೇ ಹುಡುಗನ ತಲೆಗೆ ಕಟ್ಟಬೇಡಿ. ದಾಖಲೆಗಳಲ್ಲಿ ಹೆಸರು ಒಂದೇ ರೀತಿ ಇರುವಂತೆ ಹೊರಡುವ ಮೊದಲೇ ನೋಡಿಕೊಳ್ಳಿ: ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಪೂರ್ಣ ಹೆಸರು, ತಾಯಿಯ ಹೆಸರಿಗೆ ಮೂರು ಕಾಗುಣಿತ ಎಂಬ ಸ್ಥಿತಿ ನಮ್ಮಲ್ಲಿ ಸಾಮಾನ್ಯ, ಮೊದಲ ವಾರದ ದಣಿವಿನ ನಡುವೆ ಇದನ್ನು ಸರಿಪಡಿಸುವುದು ದೊಡ್ಡ ಹಿಂಸೆ.

2019ರ ಫೆಬ್ರುವರಿಯಲ್ಲಿ ಪುಲ್ವಾಮಾ ದಾಳಿಯಲ್ಲಿ ಹುತಾತ್ಮರಾದ ಸಿಆರ್‌ಪಿಎಫ್ ಯೋಧ, ಮದ್ದೂರು ತಾಲ್ಲೂಕಿನ ಗುಡಿಗೆರೆಯ ಎಚ್. ಗುರು ಅವರಿಗೆ ಅಂತಿಮ ನಮನ ಸಲ್ಲಿಸಲು ಸಾವಿರಾರು ಜನ ಸೇರಿದ್ದನ್ನು ಈ ಜಿಲ್ಲೆ ಮರೆತಿಲ್ಲ. ನಿವೃತ್ತರಾಗಿ ಬಂದ ಯೋಧರನ್ನು ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡುವ ಪದ್ಧತಿಯೂ ನಮ್ಮಲ್ಲಿದೆ. ಯೋಧನ ಸಾವಿಗೂ ನಿವೃತ್ತಿಗೂ ಮಿಡಿಯುವ ಈ ಜನ, ಅವನು ಇನ್ನೂ ಯೋಧನಾಗಿರದ, ಹದಿನೆಂಟರ ಹುಡುಗನಾಗಿ ಒಬ್ಬನೇ ತಡವರಿಸುವ ಆ ಮೊದಲ ವಾರಗಳಿಗೂ ಸ್ವಲ್ಪ ಗಮನ ಕೊಟ್ಟಾರೆಂದು ನಾನು ನಂಬಿದ್ದೇನೆ.

ನನ್ನ ಕೋರಿಕೆ ದೊಡ್ಡದಲ್ಲ. ಅಂತಿಮ ಪಟ್ಟಿ ಪ್ರಕಟವಾದ ದಿನದಿಂದ ಹುಡುಗರು ಹೊರಡುವ ದಿನದವರೆಗೆ, ಪ್ರತಿ ತಾಲ್ಲೂಕು ಕೇಂದ್ರದ ಮೈದಾನವೊಂದರಲ್ಲಿ ಬೆಳಗಿನ ಹೊತ್ತು ಎರಡು ತಾಸು ಪೂರ್ವತರಬೇತಿ ನಡೆಯಬೇಕು. ಓಟದ ವೇಗ ಅಲ್ಲಿ ಮುಖ್ಯವಲ್ಲ. ನಿಧಾನವಾಗಿ ಹೆಚ್ಚುವ ದೂರ, ಬೂಟು ಹಾಕಿ ನಡೆಯುವ ರೂಢಿ, ಬೆನ್ನಿಗೆ ಹಗುರವಾದ ಚೀಲದಿಂದ ಆರಂಭಿಸಿ ಭಾರ ಹೊರುವುದು, ನೀರು ಕುಡಿಯುವ ಕ್ರಮ, ಪಾದದ ಆರೈಕೆ, ಅರ್ಧ ಗಂಟೆ ಹಿಂದಿ ಆದೇಶಗಳ ಡ್ರಿಲ್ ಇಷ್ಟಿದ್ದರೆ ಸಾಕು. ಬೇಗ ಮಲಗಿ ನಾಲ್ಕೂವರೆಗೆ ಏಳುವ ಅಭ್ಯಾಸ ಇದರಿಂದ ತಾನಾಗಿ ಬರುತ್ತದೆ. ವಾರಕ್ಕೊಮ್ಮೆ ತಂದೆತಾಯಿಗಳನ್ನೂ ಕರೆದು ಕೂರಿಸಿ ಅಲ್ಲಿನ ದಿನಚರಿಯನ್ನು ವಿವರಿಸಬೇಕು. ಮೈಸೂರಿನಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಇದೆ, ಎರಡೂ ಜಿಲ್ಲೆಗಳಲ್ಲಿ ಮಾಜಿ ಸೈನಿಕರ ಸಂಘಗಳಿವೆ, ಕಾಲೇಜುಗಳಲ್ಲಿ ಎನ್‌ಸಿಸಿ ಅಧಿಕಾರಿಗಳಿದ್ದಾರೆ. ಇವರನ್ನು ಒಂದೆಡೆ ಸೇರಿಸುವ ಕೆಲಸವನ್ನು ಎರಡೂ ಜಿಲ್ಲೆಗಳ ಜಿಲ್ಲಾಧಿಕಾರಿಗಳು ಒಂದು ಸಭೆಯಲ್ಲಿ ಮುಗಿಸಬಹುದು. ಖಾಸಗಿ ಅಕಾಡೆಮಿಗಳೂ ಹುಡುಗ ಆಯ್ಕೆಯಾದೊಡನೆ ಅವನ ಫೋಟೊವನ್ನು ಜಾಹೀರಾತಿಗೆ ಹಾಕಿ ಕೈತೊಳೆದುಕೊಳ್ಳದೆ, ಅವನು ರೈಲು ಹತ್ತುವವರೆಗೆ ಮೈದಾನಕ್ಕೆ ಕರೆಸಿಕೊಳ್ಳಬೇಕು.

ಒಂದು ತೊಡಕನ್ನು ಮಾತ್ರ ಈಗಲೇ ಪರಿಹರಿಸಿಕೊಳ್ಳಬೇಕಾಗುತ್ತದೆ. ಸೇನೆ ಪ್ರಕಟಿಸುವ ಪಟ್ಟಿಯಲ್ಲಿ ರೋಲ್ ನಂಬರುಗಳಷ್ಟೇ ಇರುವುದರಿಂದ ಯಾವ ಊರಿನ ಯಾವ ಹುಡುಗ ಆಯ್ಕೆಯಾದನೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಅದು ತಿಳಿಯುವುದು ಗ್ರಾಮ ಪಂಚಾಯಿತಿಗೆ, ಏಕೆಂದರೆ ಸನ್ಮಾನ ಮಾಡುವವರಲ್ಲಿ ಅವರೇ ಮೊದಲಿಗರು. ಸನ್ಮಾನ ಮಾಡಿದ ದಿನವೇ ಹುಡುಗನ ಒಪ್ಪಿಗೆ ಪಡೆದು, ಅವನ ಹೆಸರು ಮತ್ತು ಫೋನ್ ಸಂಖ್ಯೆಯನ್ನು ತಾಲ್ಲೂಕಿನ ಮಾಜಿ ಸೈನಿಕರ ಸಂಘಕ್ಕೆ ತಲುಪಿಸುವಂತೆ ಪಿಡಿಒಗಳಿಗೆ ಸೂಚನೆ ಹೋದರೆ ಸಾಕು. ಕಲಿಸಲು ಸಂಭಾವನೆ ಬೇಡ. ನನ್ನಂಥ ಅನೇಕ ನಿವೃತ್ತರು ಇಂದಿಗೂ ಐದು ಗಂಟೆಗೆ ಮೊದಲೇ ಏಳುವವರು, ಮೈದಾನದ ಬೀಗ ತೆಗೆಸಿಕೊಟ್ಟರೆ ಮುಂದಿನ ಪಟ್ಟಿ ಬಂದ ಮರುದಿನದಿಂದಲೇ ಬಂದು ನಿಲ್ಲುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಹವಾಲ್ದಾರ್, ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ